ಉಣ್ಣಿ ಕಡಿತದ ಜ್ವರ: ರಿಪೋರ್ಟ್ ನೆಗೆಟಿವ್ ಬಂದರೆ ನಿಶ್ಚಿಂತೆಯೇ?

ಪ್ರಶ್ನೆ: ಮನೆಯ ನಾಯಿಯ ಮೈತುಂಬ ಉಣ್ಣಿ. ಮಗನಿಗೆ ಜ್ವರ ಬಂದ ಮೂರನೇ ದಿನ ಮಾಡಿಸಿದ ಡೆಂಗಿ, ವೀಲ್-ಫೆಲಿಕ್ಸ್ (ಉಣ್ಣಿ ಜ್ವರದ ರಕ್ತಪರೀಕ್ಷೆ) ಎರಡೂ ನೆಗೆಟಿವ್. ಐದನೇ ದಿನ ಅಂಗೈ, ಅಂಗಾಲಲ್ಲಿ ಕೆಂಪು ಕಲೆ ಎದ್ದವು. ಡಾಕ್ಟರು ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟ ಎರಡೇ ದಿನಕ್ಕೆ ಜ್ವರ ಇಳಿಯಿತು. ಹಾಗಾದರೆ ಮೊದಲ ರಿಪೋರ್ಟ್ ತಪ್ಪೇ? ಬೇಗ ಪತ್ತೆ ಮಾಡುವ ಪರೀಕ್ಷೆ ಇಲ್ಲವೇ?
– ದಾವಣಗೆರೆಯ ಓದುಗರು

ಉತ್ತರ: ರಿಪೋರ್ಟ್ ತಪ್ಪಲ್ಲ, ಪರೀಕ್ಷೆ ಮಾಡಿಸಿದ ದಿನ ತೀರಾ ಬೇಗವಾಯಿತು. ವೀಲ್-ಫೆಲಿಕ್ಸ್ ರೋಗಾಣುವನ್ನು ಹುಡುಕುವುದೇ ಇಲ್ಲ. ಅದು ಹುಡುಕುವುದು ರೋಗಾಣುವಿನ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯಗಳನ್ನು, ಅದೂ ಪ್ರೋಟಿಯಸ್ ಎಂಬ ಬೇರೊಂದು ಬ್ಯಾಕ್ಟೀರಿಯಾದ ಸಹಾಯದಿಂದ. ರಕ್ತದ ತಿಳಿಭಾಗವಾದ ಸೀರಮ್ಮನ್ನು 1:20, 1:40, 1:80 ಎಂದು ತೆಳುಗೊಳಿಸುತ್ತ ಹೋಗಿ, ಪ್ರತಿ ಕೊಳವೆಗೂ ಪ್ರೋಟಿಯಸ್ ದ್ರಾವಣ ಸೇರಿಸಿ ರಾತ್ರಿಯಿಡೀ ಇಡುತ್ತಾರೆ. ಬೆಳಿಗ್ಗೆ ತಳದಲ್ಲಿ ಬಲೆಯಂತೆ ಹರಡಿ ಕೂತಿದ್ದರೆ ಪಾಸಿಟಿವ್, ಚಿಕ್ಕ ಗುಂಡಿಯಂತೆ ಒಂದೇ ಕಡೆ ಕೂತಿದ್ದರೆ ನೆಗೆಟಿವ್. ಉಣ್ಣಿ ಜ್ವರದಲ್ಲಿ ಸಾಮಾನ್ಯವಾಗಿ ಓಎಕ್ಸ್-19 ಮತ್ತು ಓಎಕ್ಸ್-2 ಎಂಬ ಪ್ರೋಟಿಯಸ್ ತಳಿಗಳ ಜೊತೆಗಿನ ಫಲಿತಾಂಶ ಏರುತ್ತದೆ, ಮೈಟ್ ಹುಳದ ಮರಿ ಕಚ್ಚಿ ಬರುವ ಸ್ಕ್ರಬ್ ಟೈಫಸ್‌ನಲ್ಲಿ ಓಎಕ್ಸ್-ಕೆ ತಳಿಯದ್ದು. ಪ್ರತಿಕಾಯ ಕಾಣಿಸಲು ಸುಮಾರು ಒಂದು ವಾರ ಬೇಕು. ಪ್ರತಿಕಾಯವನ್ನೇ ಹುಡುಕುವ ಎಲೈಸಾ ಪರೀಕ್ಷೆಗೂ ಇದೇ ತೊಡಕು.

ರೋಗಾಣುವನ್ನೇ, ಅಂದರೆ ಅದರ ಡಿಎನ್‌ಎಯನ್ನು, ಹುಡುಕುವುದು ಪಿಸಿಆರ್ ಪರೀಕ್ಷೆ. ಆದರೆ ಭಾರತದ ಉಣ್ಣಿ ಜ್ವರಕ್ಕೆ ಕಾರಣವಾದ ರಿಕೆಟ್ಸಿಯಾ ಕೊನೊರಿಯೈ ರಕ್ತದಲ್ಲಿ ತೇಲಿಕೊಂಡಿರುವುದು ಕಡಿಮೆ. ಅದು ರಕ್ತನಾಳದ ಒಳಗೋಡೆಯ ಜೀವಕೋಶಗಳಲ್ಲಿ ಸೇರಿಕೊಂಡು ಬೆಳೆಯುತ್ತದೆ. ಚರ್ಮದ ಕಲೆ ಏಳುವುದೂ ಅದಕ್ಕೇ. ಹೀಗಾಗಿ ರಕ್ತದ ಪಿಸಿಆರ್ ನೆಗೆಟಿವ್ ಬಂದರೂ ರೋಗ ಇಲ್ಲವೆಂದು ಹೇಳಲಾಗದು. ಮಾಮೂಲಿ ಬ್ಲಡ್ ಕಲ್ಚರ್‌ನಲ್ಲಂತೂ ಇದು ಬೆಳೆಯುವುದೇ ಇಲ್ಲ.

ಬೇಗ ಉತ್ತರ ಬೇಕಿದ್ದರೆ ಚರ್ಮವನ್ನು ನೋಡಿ. ಉಣ್ಣಿ ಕಚ್ಚಿದ ಜಾಗದಲ್ಲಿ ಕೆಲವೊಮ್ಮೆ ಬೀಡಿಯಿಂದ ಸುಟ್ಟಂಥ ಕಪ್ಪು ಹಕ್ಕಳೆ ಇರುತ್ತದೆ. ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಕೂದಲ ನಡುವೆ ಹುಡುಕಬೇಕು. ನಮ್ಮಲ್ಲಿ ಎಲ್ಲರಲ್ಲೂ ಕಾಣುವುದಿಲ್ಲ, ಸಿಕ್ಕರೆ ಬಿಡಬಾರದು. ಹಕ್ಕಳೆಯ ಅಂಚನ್ನು ಎತ್ತಿ, ಒಣ ಸ್ಟೆರೈಲ್ ಸ್ವ್ಯಾಬ್‌ನಿಂದ ತಳವನ್ನು ಒತ್ತಿ ಉಜ್ಜಿ ಪಿಸಿಆರ್‌ಗೆ ಕಳಿಸಬೇಕು. ಎದ್ದ ಹಕ್ಕಳೆಯನ್ನೂ ಕಳಿಸಬಹುದು, ಫಾರ್ಮಲಿನ್‌ನಲ್ಲಿ ಹಾಕದಿದ್ದರೆ ಒಳ್ಳೆಯದು. ಹಕ್ಕಳೆ ಇಲ್ಲದಿದ್ದರೆ ಕೆಂಪು ಕಲೆಯಿಂದ ಚರ್ಮದ ಚಿಕ್ಕ ತುಣುಕು ತೆಗೆದು (ಪಂಚ್ ಬಯಾಪ್ಸಿ) ಕಳಿಸುತ್ತಾರೆ.

ರಕ್ತವನ್ನೇ ಕಳಿಸುವುದಾದರೆ ಪಿಸಿಆರ್‌ಗೆ ನೇರಳೆ ಮುಚ್ಚಳದ ಇಡಿಟಿಎ ಕೊಳವೆ, ಪ್ರತಿಕಾಯಕ್ಕೆ ಕೆಂಪು ಮುಚ್ಚಳದ್ದು. ಹಸಿರು ಮುಚ್ಚಳದ ಹೆಪಾರಿನ್ ಕೊಳವೆ ಪಿಸಿಆರ್ ಕ್ರಿಯೆಯನ್ನೇ ತಡೆಯುತ್ತದೆ. ಅವಸರದಲ್ಲಿ ಆಗುವ ತಪ್ಪು ಇದು. ಮದ್ದು ಶುರುವಾಗುವ ಮೊದಲೇ ಸ್ಯಾಂಪಲ್ ತೆಗೆಯುವುದು ಉತ್ತಮ, ಆದರೆ ರಿಪೋರ್ಟ್‌ಗಾಗಿ ಮದ್ದನ್ನು ತಡೆಹಿಡಿಯಲೇಬಾರದು. ನಿಮ್ಮ ಡಾಕ್ಟರು ಮಾಡಿದ್ದು ಸರಿ. ಹಲ್ಲಿನ ಬಣ್ಣ ಕೆಡುತ್ತದೆ ಎಂದು ಮಕ್ಕಳಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ಕೊಡಲು ಇಂದಿಗೂ ಹಿಂಜರಿಯುವವರಿದ್ದಾರೆ. ಕೆಲವೇ ದಿನಗಳ ಕೋರ್ಸ್‌ಗೆ ಆ ಭಯ ಬೇಡ, ತಡವಾದರೆ ಜೀವಕ್ಕೇ ಅಪಾಯ. ಖಚಿತಪಡಿಸಿಕೊಳ್ಳಲು ಮೊದಲ ಸ್ಯಾಂಪಲ್‌ನಿಂದ ಎರಡರಿಂದ ನಾಲ್ಕು ವಾರದ ನಂತರ ಮತ್ತೊಮ್ಮೆ ಸೀರಮ್ ಕೊಡಿ. ಪ್ರತಿಕಾಯ ಅಳೆಯುವ ಐಎಫ್‌ಎ ಪರೀಕ್ಷೆಯಲ್ಲಿ ಐಜಿಜಿ ಎಂಬ ಪ್ರತಿಕಾಯ ನಾಲ್ಕು ಪಟ್ಟು ಏರಿದ್ದರೆ ಅದೇ ಪುರಾವೆ.

ಮಲೆನಾಡಿನ ಓದುಗರಿಗೆ ಒಂದು ಮಾತು: 1957ರಲ್ಲಿ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯೂ ಉಣ್ಣಿಯಿಂದಲೇ ಬರುತ್ತದೆ, ಆದರೆ ಅದು ವೈರಸ್. ಡಾಕ್ಸಿಸೈಕ್ಲಿನ್ ಅದಕ್ಕೆ ನಾಟುವುದಿಲ್ಲ, ಪಿಸಿಆರ್ ಕೂಡ ಬೇರೆ. ಕಾಡಿಗೆ ಹೋಗಿದ್ದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಪ್ರಶ್ನೆ: ಅಮೆರಿಕದ ಕನೆಕ್ಟಿಕಟ್‌ನಲ್ಲಿರುವ ಮಗಳಿಗೆ ಉಣ್ಣಿ ಕಚ್ಚಿ, ಹತ್ತು ದಿನಕ್ಕೆ ತೊಡೆಯ ಮೇಲೆ ಅಂಗೈಯಗಲದ ಕೆಂಪು ವೃತ್ತ ಬಂತು. ಲೈಮ್ ಪರೀಕ್ಷೆ ನೆಗೆಟಿವ್ ಬಂದರೂ ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ. ಯಾಕೆ?
– ಮೈಸೂರಿನ ಓದುಗರು

ಉತ್ತರ: ಲೈಮ್ ರೋಗಕ್ಕೆ ಆ ಹೆಸರು ಬಂದದ್ದೇ ಕನೆಕ್ಟಿಕಟ್‌ನ ಲೈಮ್ ಊರಿನಿಂದ. ಅಂಥ ಕಡೆ 5 ಸೆಂಟಿಮೀಟರ್ ಮೀರಿ ದಿನದಿನಕ್ಕೂ ಹರಡುವ ವೃತ್ತ ಕಂಡರೆ ಅದೇ ರೋಗನಿರ್ಣಯ, ರಕ್ತಪರೀಕ್ಷೆಗೆ ಕಾಯುವುದಿಲ್ಲ. ಅಲ್ಲಿಯ ಎರಡು ಹಂತದ ಪರೀಕ್ಷೆಯೂ ಪ್ರತಿಕಾಯವನ್ನೇ ನೋಡುವುದರಿಂದ ಮೊದಲ ವಾರಗಳಲ್ಲಿ ಬಹಳ ಸಲ ನೆಗೆಟಿವ್ ಬರುತ್ತದೆ. ರಕ್ತದಲ್ಲಿ ಲೈಮ್ ರೋಗಾಣುವಾದ ಬೊರೆಲಿಯಾ ತೀರಾ ವಿರಳವಾದ್ದರಿಂದ ಪಿಸಿಆರ್ ಕೂಡ ನೆರವಿಗೆ ಬರುವುದು ಕಡಿಮೆ. ಮಾತ್ರೆಯ ಕೋರ್ಸ್ ಪೂರ್ತಿ ಮುಗಿಸಲು ಹೇಳಿ.