ಸ್ಟುಟ್‌ಗಾರ್ಟ್‌ನಲ್ಲಿ ಆಪತ್ತಿಗೆ ಯಾರು ಬರ್ತಾರೆ?

ಬೆಂಗಳೂರಿನ ಆಡುಗೋಡಿ ಆಫೀಸಿನಿಂದ ನಿಮ್ಮ ಯಜಮಾನರಿಗೆ ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ವರ್ಗವಾಗಿದೆ, ಜೊತೆಗೆ ನಾಲ್ಕು ವರ್ಷದ ಮಗ, ಊರಲ್ಲಿ ಗುರುತಿನವರು ಯಾರೂ ಇಲ್ಲ. ರಾತ್ರಿ ಹೊತ್ತು ಏನಾದರೂ ಆದರೆ ಯಾರನ್ನು ಕರೆಯೋದು ಅಂತ ಕೇಳಿದ್ದೀರಿ. ಸಂಬಳ, ತೆರಿಗೆ, ವೀಸಾ ಬಗ್ಗೆ ಹೇಳೋರು ಬೇಕಾದಷ್ಟು ಜನ ಸಿಗ್ತಾರೆ. ನಿಮ್ಮ ಈ ಪ್ರಶ್ನೆಯೇ ನನಗೆ ಮುಖ್ಯ ಅನ್ನಿಸಿತು.

ಕೆಳಗಿನ ಮನೆಯವರನ್ನು ಕರೀಬೇಕು. ಕನ್ನಡ ಬಳಗ ಇದೆ, ಯುಗಾದಿಗೆ, ರಾಜ್ಯೋತ್ಸವಕ್ಕೆ ಸೇರ್ತೀವಿ, ಮನಸ್ಸು ತುಂಬಿ ಬರುತ್ತೆ. ಆದರೆ ಅವರೆಲ್ಲ ಊರಿನ ಬೇರೆ ಬೇರೆ ಮೂಲೆಯಲ್ಲಿರ್ತಾರೆ. ರಾತ್ರಿ ಹನ್ನೊಂದಕ್ಕೆ ಎರಡು ನಿಮಿಷದಲ್ಲಿ ಬರಬಲ್ಲವರು ಅದೇ ಮೆಟ್ಟಿಲು ಹತ್ತಿಳಿಯೋ ಜರ್ಮನ್ನರೋ, ಟರ್ಕಿಯವರೋ, ಕ್ರೊಯೇಷಿಯಾದವರೋ ಮಾತ್ರ.

ಅವರಾಗಿ ಬಂದು ವಿಚಾರಿಸ್ತಾರೆ ಅಂತ ಮಾತ್ರ ಕಾಯಬೇಡಿ. ಕರೆಯದೆ ಇನ್ನೊಬ್ಬರ ಮನೆ ವಿಷಯಕ್ಕೆ ಹೋಗೋದು ಇಲ್ಲಿ ಮರ್ಯಾದೆಯಲ್ಲ. ಅದನ್ನೇ ನಮ್ಮವರು ಮನಸ್ಸಿಲ್ಲದ ಜನ ಅಂತ ತಪ್ಪು ತಿಳಿದು, ವರ್ಷಗಟ್ಟಲೆ ಒಂಟಿಯಾಗಿ ಕೊರಗೋದನ್ನು ಕಂಡಿದ್ದೇನೆ. ಬಾಯಿಬಿಟ್ಟು ಕೇಳಿದರೆ ಅರ್ಧಂಬರ್ಧ ಮಾಡೋ ಜನ ಇವರಲ್ಲ. ಮೊದಲ ವಾರವೇ ಪ್ರತಿ ಮನೆಯ ಬೆಲ್ ಒತ್ತಿ ಹೆಸರು ಹೇಳಿ ಬನ್ನಿ. ನಿಮ್ಮ ಬೆಲ್ ಮೇಲೆ, ಅಂಚೆ ಡಬ್ಬಿ ಮೇಲೆ ಹೆಸರು ಅಂಟಿಸಿ. ಇಲ್ಲಿ ಹೆಚ್ಚಿನ ಕಡೆ ಫ್ಲಾಟ್ ನಂಬರ್ ಇರಲ್ಲ, ಹೆಸರಿಲ್ಲದಿದ್ದರೆ ಬ್ಯಾಂಕ್ ಕಾರ್ಡೂ ವಾಪಸ್ ಹೋಗುತ್ತೆ.

ಆಮೇಲೆ ಕೇರ್‌ವೊಖೆ. ಈ ಸ್ವಾಬಿಯಾ ಸೀಮೆಯ ಗುಡಿಸುವ ಸರದಿ ಅದು. ಇದರ ಬೇರು ಸ್ಟುಟ್‌ಗಾರ್ಟ್‌ನ 1492ರ ನಗರ ಕಟ್ಟಳೆಯಲ್ಲಿದೆ ಅಂತಾರೆ. ನಿಮ್ಮ ಬಾಗಿಲಿಗೆ ಸರದಿಯ ಫಲಕ ನೇತುಹಾಕಿದ ವಾರ ಮೆಟ್ಟಿಲು ಗುಡಿಸಿ ಒರೆಸೋದು ನಿಮ್ಮ ಪಾಳಿ. ಚಳಿಗಾಲದಲ್ಲಿ ಮನೆ ಮುಂದಿನ ಕಾಲುದಾರಿಯ ಹಿಮ ತೆಗೆಯೋದೂ ಬಾಡಿಗೆ ಕರಾರಿನಲ್ಲಿ ಸೇರಿರಬಹುದು, ಓದಿ ನೋಡಿ. ಎಂಜಿನಿಯರ್ ಆಗಿ ಬಂದು ಮೆಟ್ಟಿಲು ಒರೆಸಬೇಕೇ ಅಂತ ಕೆಲವರಿಗೆ ಬೇಜಾರು. ನನಗೆ ನೆರೆಯವರು ಹತ್ತಿರವಾದದ್ದೇ ಆ ಮೆಟ್ಟಿಲ ಮೇಲೆ.

ಒಂದು ಭಾನುವಾರ ನಮ್ಮ ವಾಷಿಂಗ್ ಮೆಷಿನ್ ಪೈಪು ಒಡೆಯಿತು. ನೀರು ಕೆಳಗಿನವರ ಸೀಲಿಂಗ್‌ಗೆ ಇಳಿಯಿತು. ಕೆಳಗಿನ ಮನೆಯ ವಯಸ್ಸಾದಾಕೆ ಹಳೇ ಟವೆಲುಗಳನ್ನು ಹೊತ್ತು ಮೇಲೆ ಬಂದರು. ಅಷ್ಟರಲ್ಲಿ ಅವರ ಗಂಡ ನೆಲಮಾಳಿಗೆಗೆ ಹೋಗಿ ವಾಲ್ವ್ ಮುಚ್ಚಿದ್ದರು. ಎಲ್ಲ ಒರೆಸಿದ ಮೇಲೆ ಆಕೆ ಕೇಳಿದ್ದು ಒಂದೇ ಮಾತು: ನಿಮಗೆ ಹಾಫ್ಟ್‌ಫ್ಲಿಷ್ಟ್ ಇದೆಯಲ್ವಾ?

ಇತ್ತು. ನಮ್ಮಿಂದ ಇನ್ನೊಬ್ಬರಿಗೆ ಆದ ನಷ್ಟವನ್ನು ತುಂಬಿಕೊಡುವ ವಿಮೆ ಅದು. ಕಡ್ಡಾಯವಲ್ಲ, ಆದರೆ ಅದಿಲ್ಲದೆ ಒಂದು ದಿನವೂ ಇರಬೇಡಿ. ಇಡೀ ಕುಟುಂಬಕ್ಕೆ ವರ್ಷಕ್ಕೆ ನೂರು ಯೂರೋ ಒಳಗೇ ಸಿಗುತ್ತೆ. ಬಾಡಿಗೆ ಮನೆಯ ಕೀಲಿ ಕಳೆದರೂ ಪರಿಹಾರ ಕೊಡುವ ಪಾಲಿಸಿಯನ್ನೇ ಆರಿಸಿ. ಒಂದು ಕೀಲಿ ಕಳೆದದ್ದಕ್ಕೆ ಇಡೀ ಕಟ್ಟಡದ ಬೀಗ ಬದಲಿಸಬೇಕಾಗಿ ಬಂದರೆ ಸಾವಿರಾರು ಯೂರೋ. ಏಳು ವರ್ಷದೊಳಗಿನ ಮಕ್ಕಳು ಮಾಡಿದ ಹಾನಿಯೂ ಸೇರಿದೆಯಾ ಅಂತ ಕೇಳಿಕೊಳ್ಳಿ, ನಿಮ್ಮ ಮಗ ಇನ್ನೂ ಚಿಕ್ಕವನು. ಕೆಳಗಿನವರ ಸೀಲಿಂಗ್‌ಗೆ ಹೊಸ ಬಣ್ಣ ಬಂತು, ನಮ್ಮ ನಡುವೆ ಒಂದು ಕಹಿ ಮಾತೂ ಬರಲಿಲ್ಲ.

ಬಾಗಿಲ ವಿಷಯ ಹೇಳಲೇಬೇಕು. ಹೊರಗಡೆ ತಿರುಗದ ಹಿಡಿ ಇರುತ್ತೆ, ಗಾಳಿಗೆ ಮುಚ್ಚಿಕೊಂಡರೆ ಕೀಲಿ ಇಲ್ಲದೆ ತೆಗೆಯೋಕಾಗಲ್ಲ. ಭಾನುವಾರ ರಾತ್ರಿ ಬೀಗ ತೆಗೆಯೋರನ್ನು ಕರೆದರೆ ನೂರಾರು ಯೂರೋ ಹೋಗಬಹುದು. ಇನ್ನೊಂದು ಕೀಲಿ ನೆರೆಯವರ ಹತ್ತಿರ ಇಡಿ, ಅವರದನ್ನೂ ಇಟ್ಟುಕೊಳ್ತೀವಿ ಅಂತ ಹೇಳಿ.

ಆರೋಗ್ಯಕ್ಕೆ ಎರಡು ನಂಬರು. ಪ್ರಾಣಕ್ಕೆ ಕುತ್ತು, ಬೆಂಕಿ ಅಂದ್ರೆ 112. ಮಗುವಿಗೆ ರಾತ್ರಿ ಜ್ವರ, ಕ್ಲಿನಿಕ್ ಮುಚ್ಚಿದೆ ಅಂದ್ರೆ 116117. ಸರ್ಕಾರಿ ಆರೋಗ್ಯ ವಿಮೆಯಲ್ಲಿದ್ದರೆ, ಹನ್ನೆರಡರೊಳಗಿನ ಮಗು ಹುಷಾರು ತಪ್ಪಿದಾಗ ನೋಡಿಕೊಳ್ಳೋಕೆ ತಂದೆಗೂ ತಾಯಿಗೂ ತಲಾ ವರ್ಷಕ್ಕೆ 15 ದಿನ ಸಿಗುತ್ತೆ. 2024ರಿಂದ ಲೆಕ್ಕ ಹೀಗಿದೆ. ಈ ರಜೆ ಕೇಳೋಕೆ ಸಂಕೋಚ ಬೇಡ.

ನನ್ನ ಅಪ್ಪ ತೀರಿಕೊಂಡ ಸುದ್ದಿ ಬೆಳಗಿನ ಜಾವ ಬಂತು. ಸಿಕ್ಕ ವಿಮಾನ ಹಿಡಿದು ಹೊರಟೆ, ಹೆಂಡತಿಗೆ ಅವತ್ತು ಸಂಜೆವರೆಗೂ ಡ್ಯೂಟಿ. ಮಗಳನ್ನು ಕಿಂಡರ್‌ಗಾರ್ಟನ್‌ನಿಂದ ಕರೆತಂದು ಊಟ ಮಾಡಿಸಿದವರು ಕೆಳಗಿನ ಮನೆಯಾಕೆಯೇ. ಇಲ್ಲಿ ಮೊದಲೇ ಬರೆದುಕೊಟ್ಟ ಹೆಸರಿನವರ ಕೈಗೆ ಮಾತ್ರ ಮಗುವನ್ನು ಒಪ್ಪಿಸ್ತಾರೆ, ಅವರ ಹೆಸರು ಪಟ್ಟಿಯಲ್ಲಿತ್ತು. ವಾರ ಕಳೆದು ವಾಪಸ್ ಬಂದಾಗ ಮೇಜಿನ ಮೇಲೆ ಕಪ್ಪು ಅಂಚಿನ ಕಾರ್ಡು, ಕಟ್ಟಡದ ಎಲ್ಲರ ಸಹಿ. ಆ ಕಾರ್ಡನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ. ನೀವೂ ಆ ಪಟ್ಟಿಯಲ್ಲಿ ಒಬ್ಬ ನೆರೆಯವರನ್ನು, ಅವರನ್ನು ಕೇಳಿ, ಸೇರಿಸಿ. ಮಗನ ಪಾಸ್‌ಪೋರ್ಟ್ ಅವಧಿಯನ್ನೂ ನೋಡ್ತಾ ಇರಿ. ಮಕ್ಕಳದ್ದು ಐದೇ ವರ್ಷ, ನವೀಕರಣ ಇಲ್ಲಿಂದ ಮ್ಯೂನಿಕ್ ಕಾನ್ಸುಲೇಟ್ ಮೂಲಕ. ಅರ್ಜೆಂಟಾಗಿ ಊರಿಗೆ ಹೊರಡಬೇಕಾದ ದಿನ ಅದು ಮುಗಿದಿರಬಾರದು.

ಅತ್ತೆಯವರನ್ನು ಕರೆಸಿಕೊಳ್ಳುವ ಮಾತೂ ಬರೆದಿದ್ದಿರಿ. ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ ಅಲ್ಪಾವಧಿಯ ಷೆಂಗೆನ್ ವೀಸಾದಲ್ಲಿ 180 ದಿನಕ್ಕೆ 90 ದಿನ ಇರಬಹುದು, ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಬೇಕು. ಹಳೇ ಕಾಯಿಲೆಗೆ ಆ ವಿಮೆ ಸಾಮಾನ್ಯವಾಗಿ ಒದಗಲ್ಲ. ಬಿಪಿ, ಸಕ್ಕರೆಯ ಮಾತ್ರೆಗಳನ್ನು ಇರುವಷ್ಟು ದಿನಕ್ಕೂ ಸಾಲುವಂತೆ, ಡಾಕ್ಟರ ಚೀಟಿ ಸಮೇತ, ಕೈಚೀಲದಲ್ಲೇ ತರೋಕೆ ಹೇಳಿ. ಮೊದಲ ಚಳಿಗಾಲಕ್ಕೆ ಮಾತ್ರ ಕರೆಸಬೇಡಿ, ಮೇ ತಿಂಗಳಲ್ಲಿ ಬರಲಿ.