ಸಣ್ಣ ಊರಲ್ಲಿ ಟೋಯಿಂಗ್ ಗಾಡಿ ಇಟ್ಟುಕೊಂಡು ಬದುಕಬಹುದಾ?

ನಿಮ್ಮ ತಾಲ್ಲೂಕಿನಲ್ಲಿ ಒಂದೂ ಟೋಯಿಂಗ್ ಗಾಡಿ ಇಲ್ಲ, ಹಳೇದೊಂದು ಕೊಂಡರೆ ಸಂಸಾರ ನಡೆಯುತ್ತಾ, ಕೆಲಸ ಹೇಗಿರುತ್ತದೆ ಅಂತ ಕೇಳಿದ್ದೀರಿ. ಸಕಲೇಶಪುರದಲ್ಲಿ ನಾನು ಹನ್ನೊಂದು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ. ನಡೆಯುತ್ತದೆ. ಆದರೆ ಇದೊಂದರಿಂದಲೇ ನಡೆಯುವುದಿಲ್ಲ. ನನಗೆ ಪಂಕ್ಚರ್ ಅಂಗಡಿಯೂ ಇದೆ. ಅನ್ನಕ್ಕೆ ಅದು, ಸಾರಿಗೆ ಇದು.

ಬೆಂಗಳೂರಿನವರಿಗೆ ಟೋಯಿಂಗ್ ಅಂದರೆ ನೋ ಪಾರ್ಕಿಂಗ್‌ನಲ್ಲಿ ನಿಂತ ಸ್ಕೂಟರ್ ಎತ್ತಿಕೊಂಡು ಹೋಗುವವರು. ಜನರ ಸಿಟ್ಟು ಜಾಸ್ತಿಯಾಗಿ 2022ರಲ್ಲಿ ಅದನ್ನು ನಿಲ್ಲಿಸಿದ್ದರು. ಇಲ್ಲಿ ಆ ತಲೆನೋವಿಲ್ಲ, ಕರೆದರೆ ಮಾತ್ರ ಹೋಗುತ್ತೇವೆ. ಊರವರಿಗೆ ನನ್ನ ಗಾಡಿ ‘ಕ್ರೇನು’, ನಾನು ‘ಕ್ರೇನಣ್ಣ’. ಹಳೇ ಐಷರ್ ಲಾರಿ ಮೇಲೆ ಕಾರನ್ನು ಪೂರ್ತಿ ಏರಿಸಿಕೊಳ್ಳುವ ಚಪ್ಪಟೆ ಹಾಸು, ಅಂದರೆ ಫ್ಲಾಟ್‌ಬೆಡ್ ಕಟ್ಟಿಸಿದ್ದೇನೆ, ಕ್ರೇನ್ ಅದರಲ್ಲಿ ಇಲ್ಲವೇ ಇಲ್ಲ!

ಕೆಲಸ ಬಹುಪಾಲು ಶಿರಾಡಿ ಘಾಟಿಯಲ್ಲಿ. ಬೆಂಗಳೂರು–ಮಂಗಳೂರು ಹೆದ್ದಾರಿ ದೋಣಿಗಾಲ್, ಮಾರನಹಳ್ಳಿ ದಾಟಿ ಗುಂಡ್ಯಕ್ಕೆ ಇಳಿಯುತ್ತದಲ್ಲ, ಅಲ್ಲಿ. ಇಳಿಯುವವರ ಬ್ರೇಕ್ ಕಾದುಹೋಗುತ್ತದೆ, ಹತ್ತುವವರ ಕ್ಲಚ್ ಸುಡುತ್ತದೆ. ಮಳೆ ಜಾಸ್ತಿಯಾದರೆ ನನಗೆ ಸುಗ್ಗಿ ಅಂತ ಸುಮಾರು ಜನ ತಿಳಿದಿದ್ದಾರೆ. 2024ರ ಜುಲೈಯಲ್ಲಿ ದೊಡ್ಡತಪ್ಪಲೆ ಬಳಿ ಗುಡ್ಡ ಜಾರಿ ರಸ್ತೆ ಬಂದ್ ಆಯಿತು. ಗಾಡಿಗಳೇ ಇಲ್ಲದ ಮೇಲೆ ಎಳೆಯುವುದು ಯಾರನ್ನು? ಅಂಗಡಿಯಲ್ಲಿ ಸುಮ್ನೆ ಕೂತು ಸಾಲದ ಕಂತಿನ ಲೆಕ್ಕ ಹಾಕಿದೆ.

ಘಾಟಿಯಲ್ಲಿ ಎಷ್ಟೋ ಕಡೆ ಫೋನ್ ಸಿಗ್ನಲ್ ಸಿಗುವುದಿಲ್ಲ. ಹಾಗಾಗಿ ನನಗೆ ಸುದ್ದಿ ಬರುವುದು ಲಾರಿಯವರಿಂದ, ಬಸ್ಸಿನವರಿಂದ. ಒಂದು ರಾತ್ರಿ ಹನ್ನೊಂದೂವರೆಗೆ ಧರ್ಮಸ್ಥಳದಿಂದ ಬರುತ್ತಿದ್ದ ಬಸ್ಸಿನ ಡ್ರೈವರ್ ಮಾರನಹಳ್ಳಿಗೆ ಬಂದು ಫೋನ್ ಮಾಡಿದರು. “ಅಣ್ಣಾ, ಕೆಳಗೆ ತಿರುವಿನಲ್ಲೇ ಒಂದು ಕಾರು ನಿಂತಿದೆ. ವಯಸ್ಸಾದವರಿದ್ದಾರೆ. ಲೈಟೂ ಇಲ್ಲ.”

ಹೋದೆ. ಜೋರು ಮಳೆ. ಗಂಡ, ಹೆಂಡತಿ, ಒಬ್ಬರು ಅಜ್ಜಿ. ಕಾರಿನ ಹಿಂದೆ ರಸ್ತೆ ಮೇಲೆ ಯಾರೋ ಪುಣ್ಯಾತ್ಮರು ಸೊಪ್ಪು ಮುರಿದು ಹಾಕಿದ್ದರು, ಚಕ್ರಕ್ಕೆ ಎರಡು ದಪ್ಪ ಕಲ್ಲು ಕೊಟ್ಟಿದ್ದರು. ಗಂಡ ಮೊದಲು ಕೇಳಿದ್ದು, “ಎಷ್ಟಾಗುತ್ತೆ?” “ಮೊದಲು ರಸ್ತೆ ಬಿಟ್ಟು ಈಚೆ ಬನ್ನಿ ಸಾರ್, ಆಮೇಲೆ ರೇಟ್” ಅಂದೆ. ಅಜ್ಜಿಯನ್ನು ಕ್ಯಾಬಿನ್ನಿಗೆ ಹತ್ತಿಸಿ ಕಂಬಳಿ ಕೊಟ್ಟೆ. ಕಾರು ಆಟೋಮ್ಯಾಟಿಕ್. ಅವರು ಹಗ್ಗ ಕಟ್ಟಿ ಎಳೆಸಲು ಒಬ್ಬ ಜೀಪಿನವನ ಹತ್ತಿರ ಮಾತಾಡಿದ್ದರಂತೆ. ಎಳೆಯದಿದ್ದದ್ದು ಒಳ್ಳೆಯದಾಯಿತು. ಇಂಜಿನ್ ಆಫ್ ಆಗಿ ಚಕ್ರ ಮಾತ್ರ ತಿರುಗಿದರೆ ಗೇರ್‌ಬಾಕ್ಸ್ ಒಳಗೆ ಆಯಿಲ್ ಓಡುವುದಿಲ್ಲ, ದೂರ ಎಳೆದರೆ ಅದು ಹಾಳಾಗುತ್ತದೆ. ಎಲೆಕ್ಟ್ರಿಕ್ ಗಾಡಿಗೂ ನಾಲ್ಕೂ ಚಕ್ರ ಮೇಲಿರಬೇಕು. ಅದಕ್ಕೇ ಹೇಳುವುದು, ಕೊಳ್ಳುವುದಾದರೆ ಫ್ಲಾಟ್‌ಬೆಡ್ ಕೊಳ್ಳಿ. ಮುಂದಿನ ಎರಡು ಚಕ್ರ ಮಾತ್ರ ಎತ್ತುವ ಗಾಡಿ ಅಗ್ಗ ನಿಜ, ಈಗಿನ ಕಾರುಗಳಿಗೆ ಸಾಲದು.

ಕಾರು ಏರಿಸಿ ಬೆಲ್ಟ್ ಬಿಗಿದ ಮೇಲೆ ಟಾರ್ಚ್ ಹಿಡಿದು ಮತ್ತೆ ಕೆಳಗಿಳಿದೆ. “ಇನ್ನೇನು ಹುಡುಕ್ತಿದ್ದೀರಿ?” ಅಂದರು ಅವರು. “ಕಲ್ಲು ಸಾರ್.” ಎರಡನ್ನೂ ಎತ್ತಿ ಚರಂಡಿ ಆಚೆ ಎಸೆದು, ಸೊಪ್ಪು ಬಾಚಿ ಬಂದೆ. ಕೆಟ್ಟ ಲಾರಿ ರಿಪೇರಿಯಾಗಿ ಹೋಗಿರುತ್ತದೆ, ಚಕ್ರಕ್ಕೆ ಕೊಟ್ಟ ಕಲ್ಲು ಅಲ್ಲೇ ಬಿದ್ದಿರುತ್ತದೆ. ನಮ್ಮೂರ ಹಾಲಿನ ಹುಡುಗ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡದ್ದು ಇಂಥದ್ದೇ ಕಲ್ಲಿಗೆ. ಆಮೇಲೆ ನಾನು ಒಂದು ದಿನವೂ ಬಿಟ್ಟಿಲ್ಲ.

ಅಪಘಾತದ ಗಾಡಿ ಬೇರೆ ಕಥೆ. ಪೊಲೀಸರು ಬಂದು ಮಹಜರು ಮಾಡುವ ತನಕ ಗಾಡಿ ಮುಟ್ಟಲು ಹೋಗಬೇಡಿ. ಆದರೆ ಗಾಯಾಳುವನ್ನು ಮುಟ್ಟಲು ಹೆದರಬೇಡಿ. 112ಕ್ಕೋ 108ಕ್ಕೋ ಫೋನ್ ಮಾಡಿ, ಜೊತೆಗಿರಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 134ಎ ಅಂತ ಸೇರಿಸಿದ್ದಾರೆ. ಒಳ್ಳೇ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಿ ಅಂತ ಬಲವಂತವನ್ನೂ ಮಾಡುವಂತಿಲ್ಲ. ಇದನ್ನು ಘಾಟಿಯಲ್ಲಿ ಸುತ್ತ ನಿಂತು ನೋಡುವವರಿಗೆ ಎಷ್ಟು ಸಲ ಹೇಳಿದ್ದೇನೋ.

ದುಡ್ಡಿನ ವಿಷಯ. ಇನ್ಶೂರೆನ್ಸ್ ಕಡೆಯಿಂದ ಬರುವ ಕೆಲಸ ನಂಬಿಕೊಳ್ಳಬೇಡಿ. ಒಂದು ಕಂಪನಿ ನನಗೆ ಐದು ತಿಂಗಳು ಬಿಲ್ ಬಾಕಿ ಇಟ್ಟಿತ್ತು, ಡೀಸೆಲ್ ಮಾತ್ರ ನನ್ನದು. ಊರವರ ಕೆಲಸದಲ್ಲಿ ದುಡ್ಡು ಕಡಿಮೆ, ಆದರೆ ಕೈಗೆ ಸಿಗುತ್ತದೆ. ಗದ್ದೆಗೆ ಇಳಿದ ಜೀಪು, ರಸ್ತೆಗೆ ಬಿದ್ದ ಸಿಲ್ವರ್ ಓಕ್ ಮರ, ಗುಂಡಿಗೆ ಬಿದ್ದ ಹಸು, ಎಲ್ಲಕ್ಕೂ ಗಾಡಿಯ ವಿಂಚೇ (ತಂತಿ ಹಗ್ಗ ಸುತ್ತಿ ಎಳೆಯುವ ಯಂತ್ರ) ಬೇಕು. ಹಸುವಿಗೆ ಯಾರ ಹತ್ತಿರ ಕಾಸು ಕೇಳುತ್ತೀರಿ? ಕಾಫಿ ಪುಡಿ, ಮೆಣಸು, ಹಲಸಿನ ಹಣ್ಣು ಮನೆಗೆ ಬರುತ್ತವೆ. ಹಲಸು ತಿಂದು ತಿಂದು ನನ್ನ ಹೆಂಡತಿಗೆ ಸಾಕಾಗಿದೆ.

ಗಾಡಿ ನೋಡಲು ಹೋದಾಗ ವಿಂಚಿನ ಹಗ್ಗ ಪೂರ್ತಿ ಬಿಚ್ಚಿಸಿ, ಅದೂ ಹಗಲಲ್ಲಿ. ಮೇಲಿನ ಸುತ್ತಿಗೆ ಗ್ರೀಸ್ ಬಳಿದು ಹೊಳೆಯುವಂತೆ ಮಾಡಿರುತ್ತಾರೆ, ಒಳಗೆ ತುಕ್ಕು ಹಿಡಿದು ಎಳೆ ಕಿತ್ತಿರುತ್ತದೆ. ಬರಿಗೈಯಲ್ಲಿ ಸವರಬೇಡಿ, ತಂತಿ ಚುಚ್ಚುತ್ತದೆ. ಒಂದು ಹತ್ತಿ ಬಟ್ಟೆ ಹಿಡಿದು ನಿಧಾನಕ್ಕೆ ಎಳೆಯಿರಿ. ಬಟ್ಟೆ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿಂದ ರೇಟ್ ಇಳಿಸಲು ಶುರು ಮಾಡಿ.