ಗುಂಡು ತಾಗಿಯೂ ಪಾಪರ್ ಬೀಳದಿದ್ದರೆ ತಪ್ಪು ಯಾರದ್ದು?

ಪ್ರಶ್ನೆ: ಸರ್, ನಮ್ಮ ಮನೆ ಕಾಪುವಿನಲ್ಲಿ, ಕೆಲಸ ದುಬೈಯಲ್ಲಿ. ಎರಡು ವರ್ಷದಿಂದ ಅಲ್ಲಿ ಐಪಿಎಸ್‌ಸಿ (ಅಂತರರಾಷ್ಟ್ರೀಯ ಪ್ರಾಕ್ಟಿಕಲ್ ಶೂಟಿಂಗ್ ಒಕ್ಕೂಟ) ನಿಯಮದ ಪಿಸ್ತೂಲ್ ಮ್ಯಾಚ್ ಆಡುತ್ತಿದ್ದೇನೆ. ಹೋದ ತಿಂಗಳು ಒಂದು ಸ್ಟೇಜ್‌ನಲ್ಲಿ (ಮ್ಯಾಚ್‌ನ ಒಂದು ಸುತ್ತಿನಲ್ಲಿ) ನನ್ನ ಗುಂಡು ಪಾಪರ್‌ಗೆ ತಾಗಿದ ಸದ್ದು ಎಲ್ಲರಿಗೂ ಕೇಳಿಸಿತು, ಆದರೆ ಅದು ಬೀಳಲಿಲ್ಲ. ಇನ್ನೊಂದು ಹೊಡೆದೆ, ಬಿತ್ತು. ನನ್ನ ನಂತರದವನಿಗೂ ಹಾಗೇ ಆಯಿತು. ಅವನು ಅದನ್ನು ನಿಂತಂತೆಯೇ ಬಿಟ್ಟು ಮುಂದೆ ಹೋದ, ಕೊನೆಗೆ ತಕರಾರು ಎತ್ತಿದ, ರೀಶೂಟ್, ಅಂದರೆ ಸ್ಟೇಜ್ ಮತ್ತೆ ಆಡುವ ಅವಕಾಶ, ಸಿಕ್ಕಿತು. ನನಗೆ ಏನೂ ಇಲ್ಲ. ಇದು ಯಾವ ನ್ಯಾಯ?
(ಹೆಸರು ಬೇಡ ಎಂದಿದ್ದಾರೆ)

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ ಮಾರಾಯ್ರೆ. ಮಂಗಳೂರಿಗೆ ವಾಪಸ್ ಬರುವ ಮುಂಚೆ ನಾನೂ ಗಲ್ಫ್‌ನಲ್ಲಿ ಕೆಲವು ವರ್ಷ ಇದೇ ಆಟ ಆಡಿದವನು, ಇದೇ ಪಾಪರ್ ಮುಂದೆ ಹಲ್ಲು ಕಚ್ಚಿ ನಿಂತವನು.

ಗೊತ್ತಿಲ್ಲದವರಿಗೆ ಮೊದಲು ಹೇಳಿಬಿಡುತ್ತೇನೆ. ಪಾಪರ್ ಅಂದರೆ 85 ಸೆಂಟಿಮೀಟರ್ ಎತ್ತರದ ಉಕ್ಕಿನ ಹಲಗೆ, ಬುಡದಲ್ಲಿ ಬಿಜಾಗರಿ. ನಮ್ಮ ಕಂಬಳದ ಕನೆಹಲಗೆ ನೋಡಿದ್ದೀರಲ್ಲ, 6.5 ಕೋಲು, 7.5 ಕೋಲು ಎತ್ತರದಲ್ಲಿ ನಿಶಾನೆ ಕಟ್ಟಿರುತ್ತಾರೆ, ನೀರು ಅದಕ್ಕೆ ಹಾರಿದರೆ ಮುಗಿಯಿತು. ನಿಶಾನೆಯ ಬಟ್ಟೆ ಕೆಳಗೆ ಬೀಳಬೇಕು ಅಂತ ಯಾರೂ ಕೇಳುವುದಿಲ್ಲ. ಪಾಪರ್ ಹಾಗಲ್ಲ. ತಾಗಿದರೆ ಸಾಲದು, ಬೀಳಬೇಕು. ಹಾಗಾಗಿ ನಿಮ್ಮ ಗುರಿಗೂ ನಿಮ್ಮ ಅಂಕಕ್ಕೂ ನಡುವೆ ಒಂದು ಯಂತ್ರ ಬಂದು ಕೂತಿದೆ. ಉಪ್ಪುಗಾಳಿಗೆ ಗೇಟಿನ ಬಿಜಾಗರಿ ಹೇಗೆ ಬಿಗಿಯುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಮರಳಿನಲ್ಲಿ ಬುಡ ಒಂದು ಚೂರು ಮುಂದಕ್ಕೆ ಕುಸಿದರೂ ಸಾಕು, ಮಧ್ಯಾಹ್ನ ಪಾಪರ್‌ನ ಹಿಂದಿನಿಂದ ಗಾಳಿ ಬೀಸಿದರೂ ಸಾಕು, ಬೆಳಿಗ್ಗೆ ಸಲೀಸಾಗಿ ಬಿದ್ದ ಪಾಪರ್ ಮೂರು ಗಂಟೆಗೆ ಹಟ ಹಿಡಿಯುತ್ತದೆ.

ಇದಕ್ಕಾಗಿಯೇ ಕ್ಯಾಲಿಬ್ರೇಶನ್, ಅಂದರೆ ಪಾಪರ್ ಸರಿಯಾಗಿ ಬೀಳುತ್ತದೆಯೇ ಅಂತ ಗುಂಡು ಹೊಡೆದು ನೋಡುವ ಪರೀಕ್ಷೆ. ಗುಂಡಿನ ತೂಕವನ್ನು ಗ್ರೇನ್‌ನಲ್ಲಿ ತೆಗೆದುಕೊಂಡು, ಸೆಕೆಂಡಿಗೆ ಎಷ್ಟು ಅಡಿ ಎನ್ನುವ ವೇಗದಿಂದ ಗುಣಿಸಿ 1,000ದಿಂದ ಭಾಗಿಸಿದರೆ ಪವರ್ ಫ್ಯಾಕ್ಟರ್, ಅಂದರೆ ಗುಂಡಿನ ಬಲದ ಅಳತೆ, ಸಿಗುತ್ತದೆ. 124 ಗ್ರೇನ್ ಗುಂಡು 1,050 ಅಡಿ ವೇಗದಲ್ಲಿ ಹೋದರೆ ಸುಮಾರು 130. ಮೈನರ್ ಎನ್ನುವ ಕಡಿಮೆ ಬಲದ ವರ್ಗಕ್ಕೆ ಕನಿಷ್ಠ 125 ಬೇಕು. ಪರೀಕ್ಷೆಗೆ ಬಳಸುವ ಗುಂಡು ಇದಕ್ಕಿಂತ ಜಾಸ್ತಿ ಬಲದ್ದಾಗಿರಬಾರದು. ಅಷ್ಟು ಮೆತ್ತಗಿನ ಗುಂಡಿಗೆ ಬೀಳುವ ಪಾಪರ್ ನಿಮ್ಮ ಗುಂಡಿಗೂ ಬೀಳಲೇಬೇಕು, ಅಲ್ವಾ? ಈ ನಿಯಮದ ನ್ಯಾಯ ನಿಂತಿರುವುದು ಇದೊಂದರ ಮೇಲೆ.

ತಕರಾರು ಎತ್ತಿದಾಗ ಅಧಿಕಾರಿ ನೀವು ನಿಂತಿದ್ದ ಜಾಗಕ್ಕೆ ಆದಷ್ಟು ಹತ್ತಿರದಿಂದ ಹೊಡೆಯುತ್ತಾರೆ. ಅವರ ಗುಂಡು ಪಾಪರ್ ಮೇಲೆ ಗುರುತಿಸಿದ ಕ್ಯಾಲಿಬ್ರೇಶನ್ ವಲಯಕ್ಕೋ ಅದರ ಕೆಳಗೋ ತಾಗಿ ಪಾಪರ್ ಬಿದ್ದರೆ ನಿಮಗೆ ಮಿಸ್. ಬೀಳದಿದ್ದರೆ ರೀಶೂಟ್. ವಲಯಕ್ಕಿಂತ ಮೇಲೆ ತಾಗಿದರೆ, ಪಾಪರ್ ಬಿದ್ದರೂ ಬೀಳದಿದ್ದರೂ, ರೀಶೂಟ್. ಈ ಕೊನೆಯದು ನನಗೆ ತುಂಬಾ ಇಷ್ಟ. ಬಾಗಿಲನ್ನು ಬಿಜಾಗರಿ ಹತ್ತಿರ ತಳ್ಳಿದರೆ ಅಲುಗುವುದಿಲ್ಲ, ಆಚೆ ತುದಿಗೆ ಬೆರಳಿಟ್ಟರೆ ಸಾಕು. ಹಾಗೆ ಮೇಲೆ ತಾಗಿದ ಗುಂಡು ಪಾಪರ್ ಅನ್ನು ಸುಲಭವಾಗಿ ಬೀಳಿಸುತ್ತದೆ, ಅಂಥ ಹೊಡೆತವನ್ನು ಆಟಗಾರನ ವಿರುದ್ಧ ಸಾಕ್ಷಿ ಮಾಡಬಾರದು ಅಂತ ನಿಯಮ ಬರೆದವರು ಯೋಚಿಸಿದ್ದಾರೆ. ಪರೀಕ್ಷೆಗೆ ಮುಂಚೆ ಗಾಳಿಗೆ ಬಿದ್ದುಹೋದರೂ ರೀಶೂಟ್. ಆದರೆ ಆಟಗಾರ ಮುಟ್ಟಿದರೆ ಮಿಸ್! ಗುಂಡಿನ ಗುರುತು ತೋರಿಸಲು ಹೋಗಿ ಪಾಪರ್ ಮೇಲೆ ಬೆರಳಿಟ್ಟವನನ್ನು ನಾನು ಕಣ್ಣಾರೆ ನೋಡಿದ್ದೇನೆ. ಗೆಲ್ಲಬಹುದಾಗಿದ್ದ ತಕರಾರು ಅಲ್ಲೇ ಹೋಯಿತು.

ಪ್ಲೇಟ್‌ಗಳ, ಅಂದರೆ ಗುರಿಯಾಗಿ ಇಡುವ ಲೋಹದ ತಟ್ಟೆಗಳ, ಲೆಕ್ಕ ಬೇರೆ. ಅವಕ್ಕೆ ಕ್ಯಾಲಿಬ್ರೇಶನ್ ಇಲ್ಲ, ತಾಗಿಯೂ ಬೀಳದಿದ್ದರೆ ರೇಂಜ್ ಆಫೀಸರ್ ಅದನ್ನು ಸಲಕರಣೆಯ ದೋಷ ಅಂತ ಹೇಳಿ, ಸರಿಪಡಿಸಿ, ರೀಶೂಟ್ ಕೊಡಬಹುದು.

ಈಗ ನಿಮ್ಮ ವಿಷಯ. ಪಾಪರ್ ಬೀಳುವವರೆಗೆ ಹೊಡೆದವರಿಗೆ ಮುಂದೆ ಯಾವ ದಾರಿಯೂ ಇಲ್ಲ. ನಂತರದವನ ಪರೀಕ್ಷೆಯಲ್ಲಿ ಅದೇ ಪಾಪರ್ ಫೇಲ್ ಆದರೂ ಇಲ್ಲ. ಇದು ಪೂರ್ತಿ ನ್ಯಾಯ ಅಂತ ನಾನು ಹೇಳುವುದಿಲ್ಲ. ಯಾರದೋ ಕೆಟ್ಟ ಬಿಜಾಗರಿಗೆ ನಿಮ್ಮ ಅರ್ಧ ಸೆಕೆಂಡ್ ಹೋಯಿತು. ಆದರೆ ಬದಲಾಯಿಸಿ ಅಂದರೆ ಹೇಗೆ ಬದಲಾಯಿಸುವುದು? ನಿಂತಿರುವ ಪಾಪರ್ ಒಂದು ಸಾಕ್ಷಿ, ಅದನ್ನು ಪರೀಕ್ಷಿಸಬಹುದು. ಬಿದ್ದದ್ದನ್ನು ಮತ್ತೆ ನಿಲ್ಲಿಸಿದರೆ ಅದು ಆಗಿನ ಪಾಪರ್ ಅಲ್ಲ, ನಿಲ್ಲಿಸುವಾಗ ಬುಡ ಅಲುಗಿರುತ್ತದೆ. ಮೊದಲ ಗುಂಡು ಅಂಚಿಗೆ ಸವರಿತೋ ನಡುವೆ ಕೂತಿತೋ ಅಂತ ಸದ್ದು ಕೇಳಿ ತೀರ್ಮಾನಿಸಲು ಹೊರಟರೆ ಪ್ರತಿ ಸ್ಟೇಜ್‌ನಲ್ಲೂ ಜಗಳ. ನನ್ನ ಕೈಯಲ್ಲಿದ್ದರೆ ನಿಯಮ ಮುಟ್ಟುವುದಿಲ್ಲ. ಬೆಳಿಗ್ಗೆ ಒಮ್ಮೆ ಮಾಡುವ ಪರೀಕ್ಷೆಯನ್ನು ಪ್ರತಿ ಸ್ಕ್ವಾಡ್‌ಗೆ (ಆಟಗಾರರ ಗುಂಪಿಗೆ) ಮುಂಚೆ ಮಾಡಿಸುತ್ತೇನೆ. ಅದಕ್ಕೆ ಖರ್ಚಾಗುವುದು ನಾಲ್ಕಾರು ಗುಂಡು, ಹತ್ತು ನಿಮಿಷ.

ಇನ್ನೊಂದು ಮಾತು. ನೀವು ಎರಡನೇ ಗುಂಡು ಹೊಡೆದದ್ದು ತಪ್ಪಲ್ಲ. ಪಾಪರ್ ಬಿಟ್ಟು ಹೋಗಿ ತಕರಾರು ಸೋತರೆ 5 ಅಂಕ ಹೋಗುತ್ತದೆ, ಮೇಲೆ 10 ದಂಡ, ಒಟ್ಟು 15. ನಿಮ್ಮ ಹಿಟ್ ಫ್ಯಾಕ್ಟರ್ (ಸೆಕೆಂಡಿಗೆ ಎಷ್ಟು ಅಂಕ ಎನ್ನುವುದು) 6 ಅಂತಿಟ್ಟುಕೊಂಡರೆ ಅರ್ಧ ಸೆಕೆಂಡಿನ ಬೆಲೆ ಸುಮಾರು 3 ಅಂಕ. 3 ಉಳಿಸಲು 15 ಪಣಕ್ಕಿಡುವುದೇ? ನಂತರದವನು ಇಟ್ಟ, ಗೆದ್ದ. ಆದರೆ ಅವನೂ ಇಡೀ ಸ್ಟೇಜ್ ಮತ್ತೆ ಆಡಬೇಕಾಯಿತು, ಮೊದಲ ಓಟ ಎಷ್ಟೇ ಚೆನ್ನಾಗಿದ್ದರೂ ಲೆಕ್ಕಕ್ಕಿಲ್ಲ. ಗುಂಡು ಆ ಗುರುತಿಸಿದ ವಲಯಕ್ಕೆ ಕೂತದ್ದು ಕಣ್ಣಿಗೇ ಕಂಡಿದ್ದರೆ ಮಾತ್ರ ಬಿಟ್ಟು ಹೋಗಿ, ಸದ್ದು ಮಾತ್ರ ಕೇಳಿದ್ದರೆ ಇನ್ನೊಂದು ಹೊಡೆಯಿರಿ.

ಮುಂದಿನ ಸಲ ನಿಮ್ಮ ಸರದಿಗೆ ಮುಂಚೆ ಬೇರೆಯವರು ಆಡುವಾಗ ಪಾಪರ್‌ಗಳ ಮೇಲೆ ಕಣ್ಣಿಡಿ. ಯಾವುದು ಸೋಮಾರಿಯಾಗಿ, ತಡವಾಗಿ ಬೀಳುತ್ತದೆ ಅಂತ ಗೊತ್ತಾಗುತ್ತದೆ. ಆಗಲೇ ರೇಂಜ್ ಆಫೀಸರ್ ಹತ್ತಿರ ಹೋಗಿ ಹೇಳಿ, ಮತ್ತೊಮ್ಮೆ ಪರೀಕ್ಷೆ ಮಾಡಿಸಲು ಕೇಳಿ. ನಿಮ್ಮದೇ ಓಟದಲ್ಲಿ ಎರಡು ಗುಂಡು ಬೇಕಾಗಿದ್ದರೂ ಮುಗಿದ ತಕ್ಷಣ ಹೇಳಿ. ನಿಮ್ಮ ಅರ್ಧ ಸೆಕೆಂಡ್ ವಾಪಸ್ ಬರುವುದಿಲ್ಲ, ಆದರೆ ನಿಮ್ಮ ಹಿಂದೆ ನಿಂತವನ ಮೊದಲ ಗುಂಡಿಗೇ ಆ ಪಾಪರ್ ಬೀಳಬಹುದು.